ಕಂಪ್ಯೂಟರ್ ಹೊಲದಲ್ಲಿ ಸಾಲವೂ ಇರಲಿ

ಸಂಪಾದಕರಿಗೆ ನಮಸ್ಕಾರ.

ಕೃಷಿ ಓದುವ ಮಕ್ಕಳಿಗೆ ಕಂಪ್ಯೂಟರ್‌ನಲ್ಲೇ ಹೊಲ ಕೊಟ್ಟು, ಯಾವಾಗ ಬಿತ್ತಬೇಕು, ಎಷ್ಟು ಗೊಬ್ಬರ ಹಾಕಬೇಕು, ನೀರು ಯಾವಾಗ ಬಿಡಬೇಕು ಅಂತ ಅವರಿಂದಲೇ ತೀರ್ಮಾನ ಮಾಡಿಸುವ ಪದ್ಧತಿ ಬಗ್ಗೆ ಈಚೆಗೆ ಜಾಸ್ತಿ ಕೇಳಿಬರುತ್ತಿದೆ. ನಮ್ಮ ಕಡೆ ಇದಕ್ಕೆ ನಗುವವರೂ ಇದ್ದಾರೆ. ಮಣ್ಣು ಮುಟ್ಟದೆ ಒಕ್ಕಲುತನ ಕಲಿಯೋಕಾಗುತ್ತಾ ಅಂತ. ನನಗೆ ಹಾಗನಿಸಲ್ಲ. ಹಿಂಗಾರಿ ಜೋಳ ಬಿತ್ತುವ ಹೊತ್ತು ವರ್ಷಕ್ಕೆ ಒಂದೇ ಸಲ ಬರುತ್ತದೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಸಿಗುವುದು ನಾಲ್ಕೇ ಹಿಂಗಾರಿ, ಅದರಲ್ಲೂ ಹುಡುಗ ಸ್ವಂತ ನಿರ್ಧಾರ ಮಾಡಿದ್ದು ಎಷ್ಟಿರುತ್ತದೆ ಹೇಳಿ? ಕಂಪ್ಯೂಟರ್‌ನಲ್ಲಾದರೆ ಒಂದೇ ಮಧ್ಯಾಹ್ನ ಇಪ್ಪತ್ತು ಹಿಂಗಾರಿ ಬಿತ್ತಿ ನೋಡಬಹುದು.

ಸಾಫ್ಟ್‌ವೇರ್ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅಮೆರಿಕದ ಡಿಎಸ್‌ಎಸ್‌ಎಟಿ, ಆಸ್ಟ್ರೇಲಿಯಾದ ಆಪ್ಸಿಮ್ ಎಷ್ಟೋ ವರ್ಷಗಳಿಂದ ಇವೆ. ದಿನದಿನದ ಮಳೆ, ಬಿಸಿಲು, ಮಣ್ಣಿನ ಆಳ, ಅದು ಹಿಡಿಯುವ ನೀರು ಇಷ್ಟು ಕೊಟ್ಟರೆ ಜೋಳ, ಕಡಲೆ ಹೇಗೆ ಬೆಳೆಯುತ್ತದೆ ಅಂತ ಲೆಕ್ಕ ಹಾಕಿ ತೋರಿಸುತ್ತವೆ.

ನನ್ನ ತಕರಾರು ಬೇರೆ. ಇಂಥ ಪಾಠ ಸಾಮಾನ್ಯವಾಗಿ ಇಳುವರಿಗೇ ನಿಂತುಬಿಡುತ್ತದೆ. ಎಕರೆಗೆ ಇಷ್ಟು ಕ್ವಿಂಟಲ್ ಬಂತು, ಮಾರ್ಕ್ಸ್ ತಗೊ, ಮನೆಗೆ ಹೋಗು. ವಿಜಯಪುರ ಜಿಲ್ಲೆಯ ರೈತ ತಲೆ ಕೆಡಿಸಿಕೊಳ್ಳುವುದು ಬರೀ ಇಳುವರಿಗಲ್ಲ.

ಜೋಳವನ್ನೇ ತಗೊಳ್ಳಿ. ಉತ್ತರಿ ಮಳೆ ಬಿತ್ತು ಅಂತ ಬೇಗ ಕೂರಿಗೆ ಹೂಡಿದರೆ ಸುಳಿನೊಣದ ಕಾಟ. ಹಸ್ತ ಮುಗಿಯಲಿ ಅಂತ ಕೂತರೆ ಎರಿ (ಕಪ್ಪು ಮಣ್ಣಿನ) ಹೊಲದ ಮೇಲಿನ ಹಸಿ ಹಾರಿಹೋಗಿರುತ್ತದೆ, ತೆನೆ ಕಾಳು ಕಟ್ಟುವ ಹೊತ್ತಿಗೆ ನೆಲ ಬಾಯಿ ಬಿಟ್ಟಿರುತ್ತದೆ. ಮಳೆಗಾಲದಲ್ಲೇ ಸಣ್ಣ ಬದು ಕಟ್ಟಿ ಚೌಕು ಮಡಿ ಹಾಕಿ ನೀರು ಇಂಗಿಸಿದವನಿಗೆ ಸ್ವಲ್ಪ ಆಧಾರ ಇರುತ್ತದೆ, ಆದರೆ ಮಡಿ ಹಾಕಿಸೋಕೂ ದುಡ್ಡು ಬೇಕಲ್ವಾ? ಈ ಸಾಫ್ಟ್‌ವೇರ್‌ಗಳು ನೀರು, ಗೊಬ್ಬರದ ಲೆಕ್ಕದಲ್ಲಿ ಜೋರು, ಹುಳ-ರೋಗದ ಲೆಕ್ಕದಲ್ಲಿ ಅಷ್ಟಕ್ಕಷ್ಟೇ. ಸುಳಿನೊಣ, ತೊಗರಿಯ ನೆಟೆ ರೋಗ ಇವನ್ನೆಲ್ಲ ಮೇಷ್ಟ್ರೇ ಮಧ್ಯದಲ್ಲಿ ತಂದು ಹಾಕಬೇಕಾಗುತ್ತದೆ. ಹಾಕಲಿ.

ಜೊತೆಗೆ ಪ್ರತಿ ವಿದ್ಯಾರ್ಥಿಗೂ ಒಂದು ಸಾಲದ ಖಾತೆ ಕೊಡಲಿ, ಬಡ್ಡಿ ಸಮೇತ. ಎಡೆ ಹೊಡೆಯುವ ವಾರದಲ್ಲೇ ಆಳು ಸಿಗದಿರಲಿ. ಬೋರ್‌ಗೆ ಕರೆಂಟ್ ರಾತ್ರಿ ಬರಲಿ. ರಾಶಿ ಆದ ಮೇಲೆ ತೊಗರಿ ಇಟ್ಟುಕೊಳ್ಳುವುದಾ, ಸಾಲ ತೀರಿಸೋಕೆ ಅವತ್ತಿನ ದರಕ್ಕೇ ಕೊಡುವುದಾ ಅಂತ ಅವನೇ ಹೇಳಲಿ. ಅಲ್ಲಿ ಸೋತರೆ ಯಾರ ಹೊಲವೂ ಹರಾಜಾಗಲ್ಲ, ಅದಕ್ಕೇ ಅಲ್ಲಿ ಸೋಲಿಸಬೇಕು ಅನ್ನುವುದು.

ಹವಾಮಾನವೂ ನಮ್ಮದೇ ಇರಲಿ. ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾಗಿದೆ. ಅಷ್ಟು ಹಳೆಯ ಕೇಂದ್ರ ಇರುವ ಊರಲ್ಲಿ ಬೇರೆ ದೇಶದ ಮಳೆ ಹಾಕಿ ಪಾಠ ಮಾಡುವುದು ಯಾಕೆ? ಒಂದು ಸಲ ಭೀಮೆ ಉಕ್ಕಿದ 2020ರ ಮಳೆ ಕೊಡಿ, ಇನ್ನೊಂದು ಸಲ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ 2023ರದ್ದು. ಯಾವ ವರ್ಷ ಅಂತ ಮಾತ್ರ ಮೊದಲೇ ಹೇಳಬೇಡಿ. ನಮಗೂ ಯಾರೂ ಹೇಳಿರಲಿಲ್ಲ.

ದ್ರಾಕ್ಷಿಗೂ ಇಂಥದ್ದೊಂದು ಬೇಕು. (ನಾನು ದ್ರಾಕ್ಷಿಯವನು, ಸ್ವಲ್ಪ ಸ್ವಾರ್ಥ ಇದೆ ಅಂದುಕೊಳ್ಳಿ.) ಮಳೆ ನಿಲ್ಲುವ ಮುಂಚೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮಾಡಿದರೆ ಡೌನಿ ಅನ್ನುವ ಬೂಜು ರೋಗ ಬಂದು ಔಷಧಿ ಹೊಡೆದು ಹೊಡೆದೇ ಸಾಕಾಗುತ್ತದೆ. ತಡ ಮಾಡಿದರೆ ಒಣದ್ರಾಕ್ಷಿ ಶೆಡ್‌ನಲ್ಲಿ ಇರುವಾಗಲೇ ಬೇಸಿಗೆ ಮಳೆ ಹಿಡಿಯುವ ಭಯ. ಈ ತಾರೀಕು ಆರಿಸುವುದರಲ್ಲೇ ಅರ್ಧ ವರ್ಷದ ಹಣೆಬರಹ ಇರುತ್ತದೆ.

ಇನ್ನೊಂದು ಮಾತು. ಕೃಷಿ ಪದವಿಯ ಕೊನೆ ವರ್ಷದಲ್ಲಿ ಮಕ್ಕಳು ರಾವೇ (ಗ್ರಾಮೀಣ ಕೃಷಿ ಕಾರ್ಯಾನುಭವ) ಅಂತ ಹಳ್ಳಿಗೆ ಬಂದು ಇರುತ್ತಾರಲ್ಲ, ಆಗ ಆ ಲ್ಯಾಪ್‌ಟಾಪ್ ಜೊತೆಗೇ ತರಲಿ. ನಮ್ಮ ಹೊಲದ ಮಣ್ಣು, ಮಳೆ ಹಾಕಿ ನಮ್ಮೆದುರೇ ಓಡಿಸಲಿ. ಎಲ್ಲಿ ತಪ್ಪಿತು ಅಂತ ನಾವು ಹೇಳುತ್ತೇವೆ, ನಮ್ಮದೇ ತಪ್ಪಿದ್ದರೆ ಅವರು ಹೇಳಲಿ. ಚಾಟ್ನಿ ಶುರುವಾಗುವ ಮುಂಚೆ ಬಂದರೆ ಒಳ್ಳೆಯದು, ಆಮೇಲೆ ನಮಗೆ ಮಾತಾಡೋಕೂ ಪುರುಸೊತ್ತಿರಲ್ಲ.

– ಒಬ್ಬ ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ