ಮೊದಲು ಉಣುಗಿನ ಲಸಿಕೆ, ಓಟ ಆಮೇಲೆ

ಪ್ರೀತಿಯ ಪುಟ್ಟಿಗೆ,

ಸಾಗರದಿಂದ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ನೀನು ಜರ್ಮನಿಯ ಎರ್ಲಾಂಗನ್‌ನಲ್ಲಿ ಜಿಮ್ ಸೇರಿದ್ದೀಯಂತೆ, ಟ್ರೆಡ್‌ಮಿಲ್ ಮೇಲೆ ಓಡುತ್ತೀಯಂತೆ. ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು ಕಣೇ. ಒಂದು ಕಡೆ ಹತ್ತು ನಿಮಿಷ ನಡೆದರೆ ಹೊಳೆ, ಇನ್ನೊಂದು ಕಡೆ ಇಪ್ಪತ್ತು ನಿಮಿಷ ನಡೆದರೆ ಕಾಡು, ಅಂಥಾ ಊರಲ್ಲಿ ಇದ್ದುಕೊಂಡು ಗೋಡೆ ನೋಡುತ್ತಾ ಓಡುವುದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುತ್ತಿದ್ದೀಯಾ?

ನಿನ್ನ ಮೆಸೇಜ್ ಓದಿದೆ. ಕತ್ತಲೆ, ಚಳಿ, ಕಾಡಲ್ಲಿ ಒಬ್ಬಳೇ ಅಂದರೆ ಭಯ. ಆ್ಯಪ್ ತೆಗೆದರೆ ರಾಶಿ ದಾರಿ ತೋರಿಸುತ್ತೆ, ಯಾವುದರಲ್ಲಿ ಹೋಗಬೇಕು ಅಂತ ತಿಳಿಯಲ್ಲ. ಇದಕ್ಕೆ ನನ್ನ ಉತ್ತರ ಚಿಕ್ಕದು: ಒಂದೇ ದಾರಿ ಹಿಡಿ. ವರ್ಷ ಪೂರ್ತಿ ಅದರಲ್ಲೇ ಓಡು. ನಾನು ಅಲ್ಲಿ ಹನ್ನೊಂದು ವರ್ಷ ಇದ್ದೆ, ಓಡಲು ಶುರು ಮಾಡಿದ್ದು ಮೂವತ್ತೆಂಟಕ್ಕೆ. ಮೊದಲ ವರ್ಷ ಭಾನುವಾರಕ್ಕೊಂದು ಹೊಸ ದಾರಿ ಹುಡುಕಿದೆ. ಫೋಟೋ ತುಂಬಾ ಆದವು, ಆದರೆ ಯಾವ ತಿರುವಿನಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಮಂಜುಗಡ್ಡೆ ಕಟ್ಟುತ್ತೆ ಅಂತ ಒಂದೂ ಗೊತ್ತಿರಲಿಲ್ಲ. ಎರಡನೇ ವರ್ಷ ಹುಲ್ಲುಗಾವಲಿನ ದಾರಿ ಒಂದನ್ನೇ ಹಿಡಿದೆ. ಮೂರನೇ ತಿಂಗಳಿಗೆ ನಾಯಿ ಕರಕೊಂಡು ಬರುವ ಅಜ್ಜ "ಸೆರ್ವುಸ್" ಅಂದ, ಅದು ಅಲ್ಲಿಯ ನಮಸ್ಕಾರ. ಆಮೇಲೆ ದಿನಾ ಅಂದ. ನಾನು ಒಂದು ವಾರ ಬರದಿದ್ದರೆ ಎಲ್ಲಿಗೆ ಹೋಗಿದ್ದೆ ಅಂತ ಕೇಳುವ ಮೊದಲ ಮನುಷ್ಯ ಆ ಊರಲ್ಲಿ ಅವನೇ. ಆಫೀಸಿನವರಲ್ಲ.

ನೀನೂ ಅದನ್ನೇ ಹಿಡಿ. ಸ್ಟೇಷನ್ನಿನ ಹಿಂದೆ ಹೆದ್ದಾರಿ ಇದೆಯಲ್ಲ, ಅದರ ಕೆಳಗೆ ದಾಟಿದರೆ ವೋರ್‌ಮ್ಯೂಲೆ ಅನ್ನುವ ಜಾಗ, ಅಲ್ಲೇ ರೆಗ್ನಿಟ್ಸ್ ಹೊಳೆ. (ಆ ಹೆದ್ದಾರಿ ಹಾಕಿದ್ದು ಹಳೇ ಕಾಲುವೆಯ ಜಾಡಿನ ಮೇಲೆ. ಬೇಕಾದರೆ ಆಫೀಸಿನಲ್ಲಿ ಹೇಳಿ ಜಾಣೆ ಅನ್ನಿಸಿಕೋ.) ಹೊಳೆಯ ಪಕ್ಕ ಹುಲ್ಲುಗಾವಲಲ್ಲಿ ಉತ್ತರಕ್ಕೆ ಹೊರಡು. ಐದಾರು ಕಿಲೋಮೀಟರಿಗೆ ಮ್ಯೋರೆನ್‌ಡೋರ್ಫ್ ಅನ್ನುವ ಊರು ಸಿಗುತ್ತದೆ. ಅಲ್ಲಿ ಹೊಳೆಯಲ್ಲಿ ಮರದ ದೊಡ್ಡ ದೊಡ್ಡ ನೀರೆತ್ತುವ ಚಕ್ರಗಳಿವೆ, ಹತ್ತರಷ್ಟು ಉಳಿದಿವೆ. ಹೊಳೆಯ ರಭಸಕ್ಕೆ ತಾವೇ ತಿರುಗಿ, ನೀರು ಮೊಗೆದು, ಹುಲ್ಲುಗಾವಲಿಗೆ ಸುರಿಯುತ್ತವೆ. ಕರೆಂಟಿಲ್ಲ, ಪಂಪಿಲ್ಲ. ವಸಂತದಲ್ಲಿ ಜೋಡಿಸಿ ಸೆಪ್ಟೆಂಬರ್ ಮುಗಿದ ಮೇಲೆ ಬಿಚ್ಚಿಡುತ್ತಾರೆ, ಹಾಗಾಗಿ ಈಗ ಹೋದರೆ ಬರೀ ಕಂಬ ಕಾಣುತ್ತೆ. ಮೊದಲ ಸಲ ಆ ಚಕ್ರದ ಕಿರ್ರ್ ಸದ್ದು ಕೇಳಿದಾಗ ನನಗೆ ಅಜ್ಜನ ಮನೆಯ ಗಾಣ ನೆನಪಾಗಿ ಅಲ್ಲೇ ನಿಂತುಬಿಟ್ಟೆ, ವಾಚು ಮಾತ್ರ ಓಡುತ್ತಲೇ ಇತ್ತು.

ಮೊದಲ ದಿನವೇ ಅಷ್ಟು ದೂರ ಹೋಗಬೇಡ ಮತ್ತೆ. ಇಪ್ಪತ್ತು ನಿಮಿಷ ಹೋಗಿ ವಾಪಸ್ ಬಾ. ಓಡುತ್ತಾ ಅಮ್ಮನ ಜೊತೆ ಫೋನಲ್ಲಿ ಮಾತಾಡಲು ಆಗಬೇಕು, ಅಷ್ಟೇ ವೇಗ ಸಾಕು. ಸುಸ್ತಾದ ದಿನ ಅಥವಾ ಮನಸ್ಸು ಸರಿ ಇಲ್ಲದ ದಿನ ಸ್ವಲ್ಪ ಪಶ್ಚಿಮಕ್ಕೆ ಹೋಗಿ ಕಾಲುವೆ ಪಕ್ಕ ಓಡು. ಅದು ಮೈನ್ ನದಿಗೂ ಡ್ಯಾನ್ಯೂಬ್‌ಗೂ ಕೊಂಡಿ ಹಾಕುವ ಕಾಲುವೆ, ಪೂರ್ತಿ ಆಗಿದ್ದು 1992ರಲ್ಲಿ. ನೇರ ದಾರಿ, ದಾರಿ ತಪ್ಪುವ ಮಾತೇ ಇಲ್ಲ, ನೋಡಲು ಸ್ವಲ್ಪ ಬೋರು.

ಹುಲ್ಲಿನ ವಿಷಯ ಒಂದು ಹೇಳಬೇಕು. ಅದು ಪಾರ್ಕ್ ಅಲ್ಲ, ಯಾರದೋ ದನದ ಮೇವು. ಹುಲ್ಲು ಬೆಳೆಯುವ ಕಾಲದಲ್ಲಿ ಕಾಲುದಾರಿ ಬಿಟ್ಟು ಅದರೊಳಗೆ ಕಾಲಿಡುವ ಹಾಗಿಲ್ಲ, ಕಾನೂನೇ ಇದೆ. ರೈತರು ಬೈದರೆ ಸುಮ್ನೆ ಬೈಸಿಕೊಂಡು ಬಾ, ತಪ್ಪು ನಮ್ಮದೇ. ಕಾಡಿನ ಲೆಕ್ಕ ಬೇರೆ. ಕಾಡಿಗೆ ಹೋಗುವುದು, ಅಲ್ಲಿನ ಕಾಡುಹಣ್ಣು ಒಂದಿಷ್ಟು ಕಿತ್ತುಕೊಳ್ಳುವುದು ಎಲ್ಲರ ಹಕ್ಕು ಅಂತ ಬವೇರಿಯಾದ ಸಂವಿಧಾನದಲ್ಲೇ ಬರೆದಿದೆ, 141ನೇ ವಿಧಿಯಲ್ಲಿ. ಹಣ್ಣಿಗೂ ಸಂವಿಧಾನದಲ್ಲಿ ಜಾಗ ಕೊಟ್ಟವರ ಮೇಲೆ ನನಗೆ ಅವತ್ತಿನಿಂದ ಗೌರವ.

ಈಗ ನಿನ್ನ ಕಾಡಿನ ಭಯ. ಭಯ ಇರಲಿ, ಆದರೆ ಸರಿಯಾದ್ದಕ್ಕೆ ಇರಲಿ. ಕಳ್ಳ, ಕರಡಿ ಅಂತ ಹೆದರುವುದಲ್ಲ, ಹೆದರಬೇಕಾದ್ದು ಉಣುಗಿಗೆ. ಹೌದು, ನಮ್ಮೂರಿನ ಉಣುಗೇ, ಅಲ್ಲಿ ತ್ಸೆಕೆ ಅನ್ನುತ್ತಾರೆ. ನಮ್ಮ ಜಿಲ್ಲೆಯ ಮಂಗನ ಕಾಯಿಲೆ ಗೊತ್ತಲ್ಲ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಕಂಡಿದ್ದು? ಜರ್ಮನಿಯ ಉಣುಗು ಎಫ್‌ಎಸ್‌ಎಂಇ ಅಂತ ಮಿದುಳಿನ ಜ್ವರ ತರುತ್ತದೆ, ಅದರ ವೈರಸ್ಸೂ ಇದರ ವೈರಸ್ಸೂ ಒಂದೇ ಕುಟುಂಬದವು, ದಾಯಾದಿಗಳು ಅನ್ನು. ಈ ಎಫ್‌ಎಸ್‌ಎಂಇಗೆ ಲಸಿಕೆ ಇದೆ, ಮೂರು ಡೋಸ್, ಮೊದಲೆರಡರ ಮಧ್ಯೆ ಒಂದರಿಂದ ಮೂರು ತಿಂಗಳು ಬಿಡುತ್ತಾರೆ. ಉಣುಗು ಏಳುವುದು ಬೆಚ್ಚಗಾದ ಮೇಲೆ, ಆದ್ದರಿಂದ ಈ ಚಳಿಯಲ್ಲೇ ಶುರು ಮಾಡಬೇಕು. ಮನೆ ಹತ್ತಿರದ ಡಾಕ್ಟರ ಹತ್ತಿರ ಹೋಗಿ ಕೇಳು. ನಿನ್ನ ಇನ್ಶೂರೆನ್ಸ್‌ನವರು ಕೊಡುತ್ತಾರೆ, ಆ ಕಡೆಯೆಲ್ಲ ಅಪಾಯದ ಪ್ರದೇಶ ಅಂತಲೇ ಗುರುತಿಸಿದ್ದಾರೆ.

ಇದೇ ಉಣುಗು ತರುವ ಇನ್ನೊಂದು ಕಾಯಿಲೆ ಬೊರೆಲಿಯೋಸೆ, ಅಂದರೆ ಲೈಮ್ ಕಾಯಿಲೆ. ಅದಕ್ಕೆ ಲಸಿಕೆ ಇಲ್ಲ. ಓಡಿ ಬಂದ ತಕ್ಷಣ ಸ್ನಾನ, ಸ್ನಾನದಲ್ಲಿ ಮಂಡಿ ಹಿಂದೆ, ತೊಡೆ ಸಂದಿ, ಕಂಕುಳು, ಕಿವಿ ಹಿಂದೆ ಕೈಯಾಡಿಸಿ ನೋಡು. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಸುಡುವುದು, ಅಜ್ಜಿ ಮಾಡುತ್ತಿದ್ದ ಯಾವ ಉಪಾಯವೂ ಬೇಡ. ಮೆಡಿಕಲ್ ಶಾಪಿನಲ್ಲಿ ಅದಕ್ಕಂತಲೇ ಚಿಮುಟ ಸಿಗುತ್ತೆ, ಚರ್ಮದ ಹತ್ತಿರ ಹಿಡಿದು ಮೆಲ್ಲಗೆ ನೇರ ಎಳೆ. ಕಚ್ಚಿದ ಕಡೆ ಕೆಂಪು ಉಂಗುರ ಹರಡುತ್ತಾ ಬಂದರೆ ಡಾಕ್ಟರ್. ನನಗೆ ಒಂದು ಸಲ ಬಂದಿತ್ತು, ಸೊಳ್ಳೆ ಅಂತ ಹತ್ತು ದಿನ ಕೂತೆ. ಆಮೇಲೆ ಮೂರು ವಾರ ಆ್ಯಂಟಿಬಯೋಟಿಕ್ ನುಂಗಿದೆ. ಅದು ನನ್ನದೇ ದಡ್ಡತನ, ಅಕ್ಕನಿಗೆ ಇವತ್ತಿಗೂ ಹೇಳಿಲ್ಲ, ನೀನೂ ಹೇಳಬೇಡ.

ಕಾಡಿಗೆ ಏಪ್ರಿಲ್ ಹೊತ್ತಿಗೆ ಹೋಗು, ಮೊದಲು ಮೈಲ್‌ವಾಲ್ಡ್. ಊರಿಗೆ ಅಂಟಿಕೊಂಡೇ ಇದೆ, ಭಾನುವಾರ ಜನ ಇರುತ್ತಾರೆ. ಅದರ ಬುಡದ ಬುರ್ಗ್‌ಬೆರ್ಗ್‌ನಲ್ಲಿ ಕ್ರೈಸ್ತರ ಪೆಂಟಕಾಸ್ಟ್ ಹಬ್ಬಕ್ಕೆ ಹನ್ನೆರಡು ದಿನ ಬಿಯರ್ ಜಾತ್ರೆ, 1755ರಿಂದ ನಡೆದುಕೊಂಡು ಬಂದಿದೆ. ಆ ದಿನಗಳ ಸಂಜೆ ಆ ಕಡೆ ಓಡಲು ಹೋಗಬೇಡ, ಜಾತ್ರೆಗೆ ಬೇಕಾದರೆ ಹೋಗು. ದಕ್ಷಿಣಕ್ಕೆ ಇರುವುದು ದೊಡ್ಡ ರೈಖ್ಸ್‌ವಾಲ್ಡ್. ಕಡಿದು ಕಡಿದು ಬೋಳಾಗಿದ್ದ ಆ ಕಾಡಿನಲ್ಲಿ 1368ರಲ್ಲೇ ನ್ಯೂರೆಂಬರ್ಗಿನ ಪೇಟರ್ ಸ್ಟ್ರೋಮರ್ ಎಂಬ ವ್ಯಾಪಾರಿ ಬೀಜ ಬಿತ್ತಿಸಿ ಮತ್ತೆ ಮರ ಎಬ್ಬಿಸಿದ. ನೆಲ ಪೂರ್ತಿ ಮರಳು. ಮಳೆ ಬಂದ ಮಾರನೇ ದಿನ ಹುಲ್ಲುಗಾವಲು ಕೆಸರಾಗಿರುತ್ತೆ, ಆದರೆ ಈ ಪೈನ್ ಕಾಡಿನ ದಾರಿ ಒಣಗಿ ಮೆತ್ತಗಿರುತ್ತೆ, ಮಂಡಿಗೆ ಅಷ್ಟು ಹಿತವಾದ ನೆಲ ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಅಲ್ಲಿ ದಾರಿಗಳೆಲ್ಲ ಒಂದೇ ಥರ. ಒಂದು ನವೆಂಬರ್ ಸಂಜೆ, ಇನ್ನೊಂದು ಅಡ್ಡದಾರಿ ನೋಡೇಬಿಡೋಣ ಅಂತ ಹೋದೆ. ಚಳಿಗೆ ಫೋನ್ ಸತ್ತಿತು, ನಾಲ್ಕೂವರೆಗೆ ಕತ್ತಲಾಯಿತು. ಎಲ್ಲೆಲ್ಲೋ ತಿರುಗಿ ಕೊನೆಗೆ ಕಾಲ್ಖ್‌ರಾಯ್ಟ್‌ನಲ್ಲಿ ಬೆಳಕು ಕಂಡೆ, ಅದು ಚೆರ್ರಿ ತೋಟಗಳ ಊರು, ಆದರೆ ಅವತ್ತು ಚೆರ್ರಿ ನೋಡುವ ಸ್ಥಿತಿ ಇರಲಿಲ್ಲ. ಯಾರದೋ ಫೋನಿಂದ ಚಿಕ್ಕಪ್ಪನಿಗೆ ಹೇಳಿದೆ. ಕಾರು ತಗೊಂಡು ಬಂದರು, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಮನೆಗೆ ಬಂದು ಕಷಾಯ ಮಾಡಿ ಮುಂದಿಟ್ಟರು, ಆಗಲೂ ಮಾತಿಲ್ಲ. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು.

ಅದಕ್ಕೇ ಹೇಳುತ್ತೇನೆ, ಹೊರಡುವ ಮೊದಲು ರೂಮಿನವಳಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಒಂದು ಸಾಲು ಬರೆದಿಡು. ಫೋನನ್ನು ಮೈಗೆ ಒತ್ತಿ ಬೆಚ್ಚಗೆ ಇಟ್ಟುಕೋ. ಕಾಡಿನಲ್ಲಿ ಅಲ್ಲಲ್ಲಿ ಹಸಿರು ಬೋರ್ಡಿನ ಮೇಲೆ ಬಿಳಿ ಶಿಲುಬೆ ಗುರುತು, ಪಕ್ಕದಲ್ಲಿ ನಂಬರ್ ಇರುತ್ತೆ. ಅವನ್ನು ದಾಟುವಾಗೆಲ್ಲ ನಂಬರ್ ಓದಿಕೋ. ಕಾಲು ಉಳುಕಿದರೆ 112ಕ್ಕೆ ಫೋನ್ ಮಾಡಿ ಅದನ್ನು ಹೇಳಿದರೆ ಸಾಕು, ಆಂಬುಲೆನ್ಸ್‌ನವರಿಗೆ ಆ ಜಾಗ ತಿಳಿಯುತ್ತೆ. ಮುಸ್ಸಂಜೆಯಲ್ಲಿ ಕಾಡು ಬೇಡ, ಕಾಡುಹಂದಿ ತಿರುಗುವ ಹೊತ್ತು, ಬೇಟೆಯವರು ಅಟ್ಟಣಿಗೆ ಮೇಲೆ ಕೂರುವ ಹೊತ್ತೂ ಅದೇ. ಬಿರುಗಾಳಿ ಎದ್ದ ದಿನವೂ ಬೇಡ. ಇನ್ನು ಟೆನೆನ್‌ಲೋಹೆ ಕಡೆಯ ಕಾಡು ಹಿಂದೆ ಸೈನ್ಯದ ತಾಲೀಮಿನ ಜಾಗ, ನೆಲದಲ್ಲಿ ಇನ್ನೂ ಹಳೇ ಮದ್ದುಗುಂಡು ಉಳಿದಿದೆ. ಅಲ್ಲಿ ಬೇಲಿಯೊಳಗೆ ಪ್ರ್ಶೆವಾಲ್‌ಸ್ಕಿ ಅನ್ನುವ ಕಾಡುಕುದುರೆ ಮೇಯುತ್ತವೆ, ನೋಡಲೇಬೇಕು, ಆದರೆ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಡಬೇಡ. ಮೂತ್ರಕ್ಕೂ ಇಲ್ಲ.

ಕೆರೆ ಬೇಕು ಅಂದರೆ ಪಶ್ಚಿಮಕ್ಕೆ ಡೆಕ್ಸೆನ್‌ಡೋರ್ಫ್. ಆ ಸುತ್ತಿನ ಕೆರೆಗಳೆಲ್ಲ ಕೈಯಿಂದ ಕಟ್ಟಿದ್ದು, ನಮ್ಮ ಕೆರೆಗಳ ಹಾಗೆ, ಏರಿಯ ಮೇಲೇ ಓಡಬಹುದು. ಕಾರ್ಪ್ ಮೀನು ಸಾಕುವ ಕೆರೆಗಳು. ಹೆಸರಿನಲ್ಲಿ 'ರ್' ಬರುವ ತಿಂಗಳಲ್ಲಿ, ಅಂದರೆ ಸೆಪ್ಟೆಂಬರಿಂದ ಏಪ್ರಿಲ್‌ವರೆಗೆ ಮಾತ್ರ ಆ ಮೀನು ತಿನ್ನುತ್ತಾರೆ. ಶರತ್ಕಾಲದಲ್ಲಿ ನೀರು ಬಿಟ್ಟು ಮೀನು ಹಿಡಿಯುತ್ತಾರೆ, ಆಗ ಕೆಸರು ವಾಸನೆಗೆ ಮೂಗು ಮುಚ್ಚಿಕೊಂಡು ಓಡಬೇಕು. ಸೈಕಲ್ ಇಲ್ಲದೆ ಅಲ್ಲಿಗೆ ಹೋಗಿ ಓಡಿ ವಾಪಸ್ ಬರುವುದು ಈಗಲೇ ನಿನಗೆ ಆಗಲ್ಲ, ಮುಂದಿನ ವರ್ಷಕ್ಕಿರಲಿ.

ಚಳಿ ಅಂತ ಮೂರು ಸ್ವೆಟರ್ ಹಾಕಬೇಡ. ಬಾಗಿಲ ಹೊರಗೆ ನಿಂತಾಗ ಸ್ವಲ್ಪ ನಡುಗುವಷ್ಟು ಬಟ್ಟೆ ಸರಿ, ಆದರೆ ಕಿವಿ ಮತ್ತು ಬೆರಳು ಮುಚ್ಚಿರಲಿ. ಕೆಲಸದ ದಿನ ಬೆಳಕು ಸಿಗಲ್ಲ ಅಂದೆಯಲ್ಲ, ಮಧ್ಯಾಹ್ನದ ಊಟದ ಹೊತ್ತಲ್ಲಿ ಓಡು. ಅಲ್ಲಿ ಆಫೀಸಿನವರು ಬೇಕಾದಷ್ಟು ಜನ ಹಾಗೆ ಓಡುತ್ತಾರೆ, ಯಾರೂ ಏನೂ ಅಂದುಕೊಳ್ಳಲ್ಲ. ಊಟದ ಡಬ್ಬಿ ಆಮೇಲೆ ತೆಗಿ.

ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಹುಲ್ಲುಗಾವಲಿಗೆ ಬಿಳಿ ಕೊಕ್ಕರೆಗಳು ವಾಪಸ್ ಬರುತ್ತವೆ. ಮೊದಲನೆಯದು ಕಂಡ ದಿನ ಫೋಟೋ ಕಳಿಸು, ಮಸುಕಾಗಿದ್ದರೂ ಪರವಾಗಿಲ್ಲ. ನಾಯಿ ಅಜ್ಜ ಇನ್ನೂ ಬರುತ್ತಾನಾ ಅಂತಲೂ ನೋಡು, ಕಂದು ಬಣ್ಣದ ನಾಯಿ, ಒಂದು ಕಿವಿ ಮಡಚಿಕೊಂಡಿತ್ತು. ಈಗ ಆ ನಾಯಿ ಇರಲಿಕ್ಕಿಲ್ಲ.

ಲಸಿಕೆಗೆ ಅಪಾಯಿಂಟ್‌ಮೆಂಟ್ ಸೋಮವಾರವೇ ತಗೋ. ತಗೊಂಡ ಮೇಲೆ ನನಗೊಂದು ಮೆಸೇಜ್ ಹಾಕು, ಅಕ್ಕನಿಗೆ ನಾನೇ ಹೇಳುತ್ತೇನೆ.

ನಿನ್ನ ಪ್ರೀತಿಯ
ಚಿಕ್ಕಮ್ಮ