ಮೊದಲು ನೀರಿನ ಲೆಕ್ಕ, ಆಮೇಲೆ ಬಿತ್ತನೆ

ಊರು ಬಿಟ್ಟು ಬಂದ ಕನ್ನಡಿಗರ ನಮ್ಮ ಕೂಟದ ಯುಗಾದಿ ಸಂಚಿಕೆಗೆಂದು ಸದಸ್ಯರನ್ನು ಒಂದು ಪ್ರಶ್ನೆ ಕೇಳಿದ್ದೆವು: ಈ ವರ್ಷ ನಿಮ್ಮ ಗುರಿ ಏನು, ಒಂದೇ ಸಾಲಿನಲ್ಲಿ ಬರೆದು ಕಳಿಸಿ. ಬಂದ ಸಾಲುಗಳಲ್ಲಿ ಹೆಚ್ಚಿನವು ಹೀಗಿವೆ. ಆರೋಗ್ಯದ ಕಡೆ ಗಮನ ಕೊಡಬೇಕು. ಮಕ್ಕಳಿಗೆ ಕನ್ನಡ ಕಲಿಸಬೇಕು. ಅಪ್ಪ ಅವ್ವನ ಜೊತೆ ಇನ್ನಷ್ಟು ಮಾತಾಡಬೇಕು. ಊರಿಗೆ ವಾಪಸ್ ಹೋಗಬೇಕು. ಎಲ್ಲವೂ ಒಳ್ಳೆಯ ಮಾತೇ. ಆದರೆ ಮುಂದಿನ ಯುಗಾದಿಗೆ ಇವುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ತಿಳಿಯುವುದು ಹೇಗೆ? "ಇನ್ನಷ್ಟು" ಎಂದರೆ ಎಷ್ಟು? ದೇವರ ಮುಂದೆ ಕೈಮುಗಿದು ಬೇಡಿಕೊಳ್ಳುವಾಗ ಇಷ್ಟು ಸಾಕು, ಅಲ್ಲಿ ಯಾರೂ ತಾರೀಖು ಕೇಳುವುದಿಲ್ಲ. ಗುರಿಗೆ ತಾರೀಖು ಬೇಕು.

"ಕೈಲಾದಷ್ಟು ಮಾಡ್ತೀನಿ" ಎನ್ನುವ ನಮ್ಮ ಮೆಚ್ಚಿನ ಮಾತಿನ ಬೆಲೆ ಎಷ್ಟು ಎಂಬುದನ್ನು ಅಮೆರಿಕದಲ್ಲಿ ಒಮ್ಮೆ ಅಳೆದು ನೋಡಿದ್ದಾರೆ. ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ಭಾರದ ಸುಮಾರು ಶೇ 60ರಷ್ಟನ್ನು ಮಾತ್ರ ಹೇರಿಕೊಂಡು ಓಡಾಡುತ್ತಿದ್ದವು. ಕೈಲಾದಷ್ಟು ತುಂಬಿ ಎಂದು ಹೇಳಿದ್ದಾಗಿನ ಕಥೆ ಅದು. ಮನಶ್ಶಾಸ್ತ್ರಜ್ಞ ಗ್ಯಾರಿ ಲೇಥಮ್ ಮತ್ತು ಅವರ ಜೊತೆಗಾರರು ಚಾಲಕರಿಗೆ ಶೇ 94 ಎಂಬ ಒಂದೇ ಒಂದು ಅಂಕಿ ಕೊಟ್ಟರು. ಕೆಲವೇ ತಿಂಗಳಲ್ಲಿ ಲಾರಿಗಳು ಶೇ 90ರ ಮೇಲೆ ತುಂಬತೊಡಗಿದವು. 1975ರಲ್ಲಿ ಪ್ರಕಟವಾದ ಅಧ್ಯಯನ ಇದು. ಲಾರಿಯೂ ಅದೇ, ಚಾಲಕನೂ ಅವನೇ, ಬದಲಾದದ್ದು ಹೇಳಿದ ರೀತಿ.

ನಮ್ಮ ಕೂಟದಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರೇ ಜಾಸ್ತಿ. ಹಾಗಾಗಿ ಅಮೆರಿಕದ ಲಾರಿ ಬಿಟ್ಟು ನಮ್ಮೂರಿನ ಬೆಟ್ಟ ಹತ್ತೋಣ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿ ತೇರು ನೋಡಿ, ದಾಸೋಹದಲ್ಲಿ ಉಂಡು ಬಂದವರು ನಮ್ಮಲ್ಲಿ ಬಹಳ ಜನ. ಅಲ್ಲೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ ಎಂಬುದು ಶಾಲೆಯಲ್ಲಿ ಓದಿದ ನೆನಪೂ ಇರುತ್ತದೆ. ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ರಾಯಚೂರು ಜಿಲ್ಲೆಯ ಮಸ್ಕಿಯದಂತೂ ಲೋಕಪ್ರಸಿದ್ಧ. 1915ರಲ್ಲಿ ಅದು ಸಿಕ್ಕ ಮೇಲೆಯೇ ಬೇರೆ ಶಾಸನಗಳಲ್ಲಿ ಬರುವ "ದೇವಾನಾಂಪ್ರಿಯ" ಎಂಬ ದೊರೆ ಎಂದರೆ ಅಶೋಕನೇ ಎಂಬುದು ಗಟ್ಟಿಯಾದದ್ದು. ಪರೀಕ್ಷೆಗೆ ನಾವು ಓದಿದ್ದು ಇಷ್ಟು. ಶಾಸನದಲ್ಲಿ ಏನು ಬರೆದಿದೆ ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ.

ಬರೆದಿರುವುದು ಇದು. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು ಎನ್ನುತ್ತಾನೆ ದೊರೆ. ಅದರಲ್ಲಿ ಒಂದು ವರ್ಷ ತಾನು ಅಷ್ಟೇನೂ ಶ್ರಮಪಡಲಿಲ್ಲ ಎನ್ನುತ್ತಾನೆ. ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಬಂದು ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಪಡುತ್ತಿದ್ದೇನೆ ಎನ್ನುತ್ತಾನೆ. ಇದು ದೊಡ್ಡವರಿಗೆ ಮಾತ್ರ ಸಿಗುವ ಫಲವಲ್ಲ, ಸಣ್ಣವರೂ ಶ್ರಮಪಟ್ಟರೆ ಪಡೆಯಬಹುದು ಎನ್ನುತ್ತಾನೆ. ಕೊನೆಗೆ, ಈ ಕೆಲಸ ಬೆಳೆಯುತ್ತದೆ, ಒಂದೂವರೆ ಪಟ್ಟು ಬೆಳೆಯುತ್ತದೆ ಎನ್ನುತ್ತಾನೆ.

ಕಳಿಂಗ ಗೆದ್ದವನು, ಉಪಖಂಡದ ಬಹುಭಾಗ ಆಳುತ್ತಿದ್ದವನು, ಕಲ್ಲಿನ ಮೇಲೆ ಕೊರೆಸುವಾಗ ನೂರು ಪಟ್ಟು, ಸಾವಿರ ಪಟ್ಟು ಎನ್ನಬಹುದಿತ್ತು. ತಡೆಯುವವರು ಯಾರು? ಅವನು ಒಂದೂವರೆ ಎಂದ. ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಆ ಸಡಿಲ ಬಿಟ್ಟ ವರ್ಷದ ಪ್ರಸ್ತಾಪ. ಅದನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಅಳುತ್ತ ಕೂರಲೂ ಇಲ್ಲ. ಇಷ್ಟು ವರ್ಷ ಹೀಗೆ, ಇಷ್ಟು ವರ್ಷ ಹಾಗೆ ಎಂದು ಲೆಕ್ಕಕ್ಕೆ ಬರೆದು ಮುಂದೆ ಹೋದ. ಜಿಮ್ಮಿಗೆ ಎರಡು ವಾರ ತಪ್ಪಿಸಿದ ಕೂಡಲೇ "ಇದು ನಮ್ಮ ಕೈಲಾಗದು ಬಿಡ್ರಿ" ಎಂದು ಸದಸ್ಯತ್ವ ರದ್ದು ಮಾಡಿಸುವ ನಾವು ಇದನ್ನು ಎರಡು ಸಲ ಓದಬೇಕು.

ಇನ್ನು ಆಗುವುದು, ಆಗದಿರುವುದರ ವಿಚಾರ. ಒಂದು ಊಟದ ಕೂಟದಲ್ಲಿ ಇದೇ ಮಾತು ಬಂದಾಗ ಸಿಂಧನೂರಿನ ಹಿರಿಯರೊಬ್ಬರು ನಕ್ಕು ಹೇಳಿದರು: "ಡ್ಯಾಮಿನ್ಯಾಗ ನೀರ್ ಎಷ್ಟೈತಿ ಅಂತ ಕೇಳ್ದೆ ಯಾರರ ಭತ್ತದ ಸಸಿ ಹಾಕ್ತಾರೇನ್ರೀ?" ಅಷ್ಟೇ, ಆಮೇಲೆ ಅವರು ಮಿರ್ಚಿ ತಿನ್ನಲು ಹೋದರು.

ಅವರು ಹೇಳಿದ ಡ್ಯಾಮು ತುಂಗಭದ್ರೆಯದು. ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿ ಸೇರುತ್ತದೆ, ರೈತರ ಬಾಯಲ್ಲಿ ಅದು ಐಸಿಸಿ. ಸಂಗ್ರಹ ಎಷ್ಟಿದೆ, ಒಳಹರಿವು ಎಷ್ಟು ಬಂದೀತು, ಪಕ್ಕದ ರಾಜ್ಯಗಳ ಪಾಲು ಎಷ್ಟು, ಆವಿಯಾಗಿ ಹೋಗುವುದೆಷ್ಟು ಎಂದು ನೋಡಿ, ಕುಡಿಯುವ ನೀರನ್ನು ತೆಗೆದಿಟ್ಟು, ಉಳಿದದ್ದಕ್ಕೆ ಯಾವ ಕಾಲುವೆಗೆ ಎಷ್ಟು ಕ್ಯುಸೆಕ್, ಯಾವ ತಾರೀಖಿನವರೆಗೆ ಎಂದು ಹೇಳುತ್ತದೆ. ಎರಡನೇ ಬೆಳೆಗೆ ನೀರು ಇದೆಯೋ ಇಲ್ಲವೋ ಎಂಬುದೂ ಹಾಗೇ ತೀರ್ಮಾನವಾಗುತ್ತದೆ. ಸಭೆಯಲ್ಲಿ ಜಗಳವಿರುತ್ತದೆ, ರಾಜಕೀಯವಿರುತ್ತದೆ, ಆ ಮಾತು ಬೇರೆ. ಆದರೆ ಲೆಕ್ಕದ ಕ್ರಮ ಸರಿಯಾಗಿದೆ. ನಮ್ಮ ವಾರದಲ್ಲೂ ಕುಡಿಯುವ ನೀರು ಇದೆ: ನಿದ್ದೆ, ನೌಕರಿ, ಅಡುಗೆ, ಮಕ್ಕಳನ್ನು ಶಾಲೆಗೆ ಬಿಡುವುದು. ಆವಿಯಾಗುವುದೂ ಇದೆ, ಮೊಬೈಲು ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. ಇವೆಲ್ಲ ಕಳೆದು ಉಳಿಯುವುದು ಹೆಚ್ಚಿನವರಿಗೆ ನಾಲ್ಕೈದು ತಾಸು. ನಮಗೆ ಬಂದ ಗುರಿಗಳಲ್ಲಿ ಕೆಲವರದು ಆರು, ಏಳು ಇವೆ.

ಅದೇ ಡ್ಯಾಮಿನ ಇನ್ನೊಂದು ಸಂಗತಿ. 1953ರಲ್ಲಿ ನೀರು ನಿಂತಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು ಸುಮಾರು 105.8. 133 ಇದೆ ಎಂದುಕೊಂಡು ಇವತ್ತು ಯಾರೂ ಕಾಲುವೆಗೆ ನೀರು ಬಿಡುವುದಿಲ್ಲ. ಐವತ್ತು ದಾಟಿದ ನಮ್ಮಲ್ಲಿ ಕೆಲವರು ಮಾತ್ರ ಇಪ್ಪತ್ತೈದರ ಲೆಕ್ಕ ಹಿಡಿದುಕೊಂಡು ಮ್ಯಾರಥಾನಿಗೆ ಹೆಸರು ಕೊಡುತ್ತೇವೆ.

ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಕಷ್ಟ ಗೊತ್ತಿಲ್ಲದವರು ಈ ಕೂಟದಲ್ಲಿ ಇರಲಾರರು. ಮುನಿರಾಬಾದಿನಿಂದ ರಾಯಚೂರಿನ ಕಡೆಗೆ 200 ಕಿ.ಮೀ.ಗೂ ಉದ್ದ ಹರಿಯುವ ಆ ಕಾಲುವೆಯ ಬಹುಪಾಲು ಪ್ರದೇಶಕ್ಕೆ ಮೊದಲು ಯೋಚಿಸಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ಸಿರವಾರ, ರಾಯಚೂರಿನ ಕಡೆ ನೀರಿಗಾಗಿ ರಸ್ತೆ ತಡೆ ಮಾಡುವ ಪರಿಸ್ಥಿತಿ ಬಂತು. ನಮ್ಮ ಪಟ್ಟಿಯಲ್ಲೂ ಕೊನೆಭಾಗದಲ್ಲಿ ಯಾರಿದ್ದಾರೆ ನೋಡಿಕೊಳ್ಳಿ. ಬಂದ ಸಾಲುಗಳಲ್ಲಿ ಸರ್ಟಿಫಿಕೇಟು, ಬಡ್ತಿ, ಮನೆ ಸಾಲ ಮೊದಲು ಬರುತ್ತವೆ. ಅವ್ವನಿಗೆ ಫೋನು ಮಾಡುವುದು ಕೊನೆಗೆ ಬರುತ್ತದೆ, ಮತ್ತು ಅಲ್ಲಿಗೆ ನೀರು ಮುಟ್ಟುವುದಿಲ್ಲ. ಬುಧವಾರ ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಎಂದು ಬರೆದಿಟ್ಟುಕೊಂಡರೆ ಮುಟ್ಟೀತು. ಅದಕ್ಕಾಗಿ ಮೇಲಿನ ಒಂದು ಗುರಿಯನ್ನು ಈ ವರ್ಷಕ್ಕೆ ಕೈಬಿಡಬೇಕಾದರೆ ಬಿಡಿ. ಬಿಡುವ ಪಟ್ಟಿಯೂ ಗುರಿಯ ಪಟ್ಟಿಯಷ್ಟೇ ಮುಖ್ಯ ಎಂಬುದು ನನ್ನ ಅಭಿಪ್ರಾಯ, ಒಪ್ಪದವರು ಬರೆಯಬಹುದು.

ಮಕ್ಕಳ ಕನ್ನಡದ್ದು ಸುಲಭ: ದೀಪಾವಳಿಯೊಳಗೆ ಮಗಳು ಅಜ್ಜಿಗೆ ತನ್ನ ಕೈಯಾರೆ ಐದು ಸಾಲಿನ ಕಾಗದ ಬರೆಯಬೇಕು, ಅದಕ್ಕೆ ಭಾನುವಾರ ಬೆಳಗ್ಗೆ ಅರ್ಧ ತಾಸು. ತೂಕದ್ದೂ ಅಷ್ಟೇ. ಹತ್ತು ಕೆಜಿ ಇಳಿಯುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ, ವಾರಕ್ಕೆ ನಾಲ್ಕು ಸಂಜೆ ನಡೆಯುವುದು ಇದೆ.

ಕಷ್ಟದ್ದು "ಊರಿಗೆ ವಾಪಸ್". ಇನ್ನೈದು ವರ್ಷ ಎಂದು ಹೇಳಿ ಹದಿನೈದು ವರ್ಷ ಆದವರು ಇದ್ದಾರೆ. ಬಳ್ಳಾರಿಯಲ್ಲಿ ಸೈಟು ತೆಗೆದುಕೊಂಡಿರುತ್ತಾರೆ, ಕಾಂಪೌಂಡೂ ಹಾಕಿಸಿರುತ್ತಾರೆ, ಅದರೊಳಗೆ ಜಾಲಿ ಬೆಳೆದಿರುತ್ತದೆ. ಇದು ಒಂದು ಗುರಿ ಅಲ್ಲ ಎಂಬುದೇ ಇಲ್ಲಿನ ತೊಡಕು. ಮಕ್ಕಳು ಯಾವ ಕ್ಲಾಸಿನಲ್ಲಿರುವಾಗ ಹೋಗುವುದು, ಅಲ್ಲಿ ದುಡಿಮೆ ಏನು, ಅಪ್ಪ ಅವ್ವನಿಗೆ ನಾವು ಬೇಕಾಗಿರುವುದು ಈಗಲೋ ಆಮೇಲೋ, ಹೆಂಡತಿಗೆ ಅಥವಾ ಗಂಡನಿಗೆ ಹೋಗುವ ಮನಸ್ಸಿದೆಯೋ ಇಲ್ಲವೋ, ಇಷ್ಟೂ ಬೇರೆ ಬೇರೆ ಪ್ರಶ್ನೆಗಳು. ಒಟ್ಟಿಗೆ ಕಟ್ಟಿ ಹೊತ್ತರೆ ಏಳಲಾಗುವುದಿಲ್ಲ. ನಮ್ಮ ಸದಸ್ಯ ದಂಪತಿಯೊಬ್ಬರು ಮಗ ಆರನೇ ಕ್ಲಾಸು ಮುಗಿಸುವುದರೊಳಗೆ ತೀರ್ಮಾನ ಎಂದು ಬರೆದುಕೊಂಡರು. ಅದಕ್ಕೂ ಮುಂಚೆ ಒಂದು ರಜೆಯಲ್ಲಿ ನೆಂಟರ ಮನೆಗಳ ಸುತ್ತು ಕಡಿಮೆ ಮಾಡಿ, ಬಳ್ಳಾರಿಯಲ್ಲಿ ಎರಡು ಶಾಲೆ ನೋಡಿದರು, ಕೆಲಸ ಕೊಡಬಹುದಾದ ಇಬ್ಬರ ಜೊತೆ ಕೂತು ಮಾತಾಡಿದರು, ಸಂಬಳದ ಅಂಕಿಯನ್ನು ಕಾಗದದ ಮೇಲೆ ಇಟ್ಟು ನೋಡಿದರು. ವಾಪಸು ಬಂದು ಇಲ್ಲೇ ಇರುವುದೆಂದು ತೀರ್ಮಾನಿಸಿದರು. ಸೈಟು ಮಾರಿದರು. ಈಗ ವರ್ಷಕ್ಕೊಮ್ಮೆ ಅಪ್ಪ ಅವ್ವನನ್ನು ಮೂರು ತಿಂಗಳು ಇಲ್ಲಿಗೆ ಕರೆಸಿಕೊಳ್ಳುತ್ತಾರೆ. ಈ ಸಲದ ಟಿಕೆಟು ಆಗಲೇ ಆಗಿದೆ.