ಆನ್‌ಲೈನ್ ತಾಳಮದ್ದಳೆಗೆ ಐದು ವರ್ಷ: ಒಂದಿಷ್ಟು ಋಣದ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಆನ್‌ಲೈನ್ ತಾಳಮದ್ದಳೆ ಕೂಟಕ್ಕೆ ಐದು ವರ್ಷ ತುಂಬಿತು. ತಾಳಮದ್ದಳೆಯೆಂದರೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ. ಮೊನ್ನೆ ಶನಿವಾರದ ‘ಕೃಷ್ಣ ಸಂಧಾನ’ದಲ್ಲಿ ಕೌರವ ಬಹ್ರೈನ್‌ನಲ್ಲಿ, ಕೃಷ್ಣ ಶಿರಸಿಯಲ್ಲಿ, ವಿದುರ ನ್ಯೂಜೆರ್ಸಿಯಲ್ಲಿ, ಹಾಡು, ಮದ್ದಳೆ, ಚೆಂಡೆಯ ಹಿಮ್ಮೇಳ ಪುತ್ತೂರಿನ ಹತ್ತಿರದ ಒಂದು ಮನೆಯ ಚಾವಡಿಯಲ್ಲಿ. ಕೊನೆಯಲ್ಲಿ ಧನ್ಯವಾದಕ್ಕೆಂದು ಎರಡು ಮಾತು ಹೇಳಿದ್ದೆ. ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಯಕ್ಷಗಾನ ಮೇಳಗಳು ಪತ್ತನಾಜೆಗೂ (ಮೇ ಕೊನೆಗೆ ವರ್ಷದ ತಿರುಗಾಟ ಮುಗಿಯುವ ದಿನ) ಮೊದಲೇ ಗೆಜ್ಜೆ ಬಿಚ್ಚಿದವು. ಮಳೆಗಾಲದ ತಾಳಮದ್ದಳೆಗಾದರೂ ನಾಲ್ಕು ಜನ ಸೇರೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಆಗ ಫೋನ್ ಮುಂದೆ ಕೂತು ಅರ್ಥ (ಪದ್ಯಕ್ಕೆ ಪಾತ್ರವಾಗಿ ಆಡುವ ಮಾತು) ಹೇಳಲು ಹೊರಟ ಹಲವು ಗುಂಪುಗಳಲ್ಲಿ ನಮ್ಮದೂ ಒಂದು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಬಂಡವಾಳ. ಬಯಲಾಟವನ್ನು ಪರದೆಗೆ ತುರುಕಲು ಹೋಗಿದ್ದರೆ ತಿಂಗಳೊಳಗೆ ಕೈಬಿಡುತ್ತಿದ್ದೆವು.

ಮೊದಲ ನಮಸ್ಕಾರ ಹಿಮ್ಮೇಳಕ್ಕೆ. ಅರ್ಥಧಾರಿಯ ಮಾತು ಅರ್ಧ ಸೆಕೆಂಡ್ ತಡವಾದರೂ ಎದುರಿನವರು ಯೋಚಿಸುತ್ತಿದ್ದಾರೆ ಅಂದುಕೊಳ್ಳಬಹುದು. ತಾಳಕ್ಕೆ ಆ ರಿಯಾಯಿತಿ ಇಲ್ಲ. ಸುಮಾರು 30 ಮಿಲಿಸೆಕೆಂಡ್ ದಾಟಿದರೆ ಕೂಡಿ ನುಡಿಸುವುದೇ ಕಷ್ಟ. ವಿಡಿಯೊ ಕರೆಯಲ್ಲಿ ಅದರ ಎಷ್ಟೋ ಪಟ್ಟು ತಡ. ಹಾಗಾಗಿ ಹಾಡುವ ಭಾಗವತರು, ಮದ್ದಳೆ, ಚೆಂಡೆ ಒಂದೇ ಸೂರಿನಡಿ ಇರಲೇಬೇಕು. ಆ ಸೂರು ಮದ್ದಳೆಯ ಅಣ್ಣನ ಮನೆ. ಅಡಿಕೆ ಗೋಣಿಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಶನಿವಾರ ಬಂತೆಂದರೆ ಚಾವಡಿ ನಮ್ಮದು. ಮಳೆಗೆ ಕರೆಂಟ್ ಹೋದಾಗ ಇನ್ವರ್ಟರ್, ಅದೂ ಕೈಕೊಟ್ಟಾಗ ಅಂಗಳದ ಕಾರಿನಲ್ಲಿ ಫೋನ್ ಚಾರ್ಜು. ಆ ಮನೆಯ ಅಕ್ಕ ಕೊಟ್ಟ ಚಹಾವನ್ನು ನಾವು ದೂರದವರು ಪರದೆಯಲ್ಲಿ ನೋಡಿದ್ದಷ್ಟೇ, ಆದರೂ ಋಣ ಋಣವೇ.

ಬೆಂಗಳೂರಿನ ನಮ್ಮ ಎಂಜಿನಿಯರ್ ತಮ್ಮನಿಗೂ ಥ್ಯಾಂಕ್ಸ್. ಆ್ಯಪ್‌ನ ಲೆಕ್ಕದಲ್ಲಿ ಚೆಂಡೆಯೆಂದರೆ ಗದ್ದಲ. ಪೆಟ್ಟು ಬಿದ್ದ ಕೂಡಲೇ ಅಳಿಸಿಹಾಕುತ್ತಿತ್ತು. ಸದ್ದು ಸೋಸುವ ಆ ಸೆಟ್ಟಿಂಗನ್ನು ಹುಡುಕಿ ಆಫ್ ಮಾಡಿಸಿದವನು ಅವನೇ. (ಚೆಂಡೆಯ ಬಗ್ಗೆ ನನ್ನ ಅತ್ತೆಯ ಅಭಿಪ್ರಾಯವೂ ಆ್ಯಪ್‌ನದ್ದೇ ಎಂಬುದು ಬೇರೆ ಮಾತು.)

ಹೊತ್ತು ಹೊಂದಿಸುವುದೂ ಸುಲಭವಿರಲಿಲ್ಲ. ಮೊದಮೊದಲು ಗಲ್ಫ್‌ನವರಿಗಾಗಿ ಶುಕ್ರವಾರ ಕೂಟ ಇಡುತ್ತಿದ್ದೆವು. 2022ರ ಜನವರಿಯಿಂದ ಯುಎಇ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿತು. ಬಹ್ರೈನ್‌ನಲ್ಲಿ ಹೇಗೂ ಶುಕ್ರ, ಶನಿ ರಜೆ. ಅಲ್ಲಿಗೆ ಶನಿವಾರ, ಭಾರತದ ಸಂಜೆ ಆರೂವರೆ ಗಟ್ಟಿಯಾಯಿತು. ನ್ಯೂಜೆರ್ಸಿಯ ವಿದುರರಿಗೆ ಅದು ಬೆಳಗಿನ ಒಂಬತ್ತು, ಚಳಿಗಾಲದಲ್ಲಿ ಎಂಟು. ಒಮ್ಮೆಯೂ ಗೊಣಗಲಿಲ್ಲ ಮಹಾನುಭಾವರು.

ಇನ್ನು ಅರ್ಥಧಾರಿಗಳು. ಮೊನ್ನೆ ವಿದುರನ ಮನೆಯ ಊಟದ ವಿಷಯಕ್ಕೆ ಚರ್ಚೆ ಏರಿದ ಹೊತ್ತಿಗೆ ಶಿರಸಿಯ ನೆಟ್ ನಿಂತು, ಕೃಷ್ಣ ಬಾಯಿ ತೆರೆದಂತೆಯೇ ಉಳಿದರು. ಬಹ್ರೈನ್‌ನ ಕೌರವ ಒಂದು ಕ್ಷಣವೂ ಬಿಡಲಿಲ್ಲ: “ಏನು ಕೃಷ್ಣಾ, ಸಂಧಾನಕ್ಕೆಂದು ಬಂದವನು ಮೌನಕ್ಕೆ ಶರಣಾದೆಯಲ್ಲ! ಪಾಂಡವರ ಪರವಾಗಿ ಆಡುವುದಕ್ಕೆ ಮಾತೇ ಉಳಿಯಲಿಲ್ಲವೋ?” ನೆಟ್ ಬಂದದ್ದೇ ತಡ, ಕೃಷ್ಣ ನಕ್ಕು, “ನಿನಗೆ ಯೋಚಿಸಲು ಅವಕಾಶ ಕೊಟ್ಟೆ ಸುಯೋಧನಾ, ಅದನ್ನೂ ಮಾತಾಡಿಯೇ ಕಳೆದುಕೊಂಡೆ” ಎಂದರು. ಇಂಥದ್ದನ್ನು ಬರೆದುಕೊಂಡು ಬರಲಾಗುವುದಿಲ್ಲ. ಬಡಗಿನ (ಉತ್ತರದ ಶೈಲಿಯ) ಪದಕ್ಕೆ ಒಗ್ಗಿದ ಶಿರಸಿಯವರು ತೆಂಕಿನ (ದಕ್ಷಿಣದ ಶೈಲಿಯ) ಭಾಗವತಿಕೆಗೆ ಅರ್ಥ ಹೇಳಿದ್ದನ್ನು ಕೇಳಲು ಕಾಸರಗೋಡಿನಿಂದ, ಮುಂಬಯಿಯಿಂದ ಜನ ಕೂತಿದ್ದರು.

ಕೇಳುಗರೇ, ನಿಮ್ಮ ಚಪ್ಪಾಳೆ ನಮಗೆ ಕೇಳಿಸುವುದಿಲ್ಲ. ಆ ಕೊರತೆ ತುಂಬಿದೆ ಎಂದು ಸುಳ್ಳು ಹೇಳಲಾರೆ. ಆದರೆ ಕೇಳುತ್ತಲೇ ಇದ್ದ ನಿಮ್ಮಲ್ಲಿ ಕೆಲವರು ಅರ್ಥ ಹೇಳಲು ಮುಂದೆ ಬಂದಿರಿ. ಮಸ್ಕತ್‌ನ ಪುಟ್ಟಿ ಕೌರವನ ದೂತನಾಗಿ ಆಡಿದ ನಾಲ್ಕು ವಾಕ್ಯಕ್ಕೆ ಅವಳ ಅಜ್ಜ ಉಡುಪಿಯಿಂದ ಕಳಿಸಿದ ಧ್ವನಿ ಸಂದೇಶ ನಮ್ಮ ಗುಂಪಿನಲ್ಲಿ ಇನ್ನೂ ಓಡಾಡುತ್ತಿದೆ.

ಮುಂದಿನ ಶನಿವಾರ ‘ವಾಲಿ ಮೋಕ್ಷ’. ವಾಲಿ, ರಾಮ, ತಾರೆ ಸಿಕ್ಕಿದ್ದಾರೆ. ಸುಗ್ರೀವನಾಗಲು ಇಷ್ಟವಿರುವವರು ಬುಧವಾರದೊಳಗೆ ತಿಳಿಸಿ. ಉಳಿದವರು ದಯವಿಟ್ಟು ಮೈಕ್ ಮ್ಯೂಟ್ ಮಾಡಿಕೊಂಡು ಬನ್ನಿ. ಕಳೆದ ಸಲ ಯಾರದೋ ಕುಕ್ಕರ್ ಭಾಗವತರಿಗಿಂತ ಏರುಶ್ರುತಿಯಲ್ಲಿತ್ತು.